ರೊಟ್ಟಿಯ ಪೆನ್‌ಡ್ರೈವ್ ಕೊಡುವ ಮೊದಲು

ಗೌರಿ, ಹೋದ ವಾರ ನೀನು ಫೋನು ಮಾಡಿ, "ಆಯಿ, ನಿನ್ನ ರೊಟ್ಟಿ ಪೆನ್‌ಡ್ರೈವ್ ಎಲ್ಲದ? ಬರೋ ತಿಂಗಳಿಂದ ನಾನೂ ಮನಿಮನಿಗೆ ಪ್ರೊಜೆಕ್ಟರ್ ಕೂಡಸಾಕ ಹೋಗ್ತೇನಿ" ಎಂದೆ. ಅದು ನನ್ನ ಟ್ರಂಕಿನಲ್ಲಿ, ನಿಮ್ಮ ಮುತ್ಯಾನ ಕನ್ನಡಕದ ಡಬ್ಬಿಯೊಳಗೆ ಇದೆ. ಕೊಡುತ್ತೇನೆ. ಆದರೆ ಅದೊಂದನ್ನೇ ನಂಬಿ ನಾನು ಜೇವರ್ಗಿಯಲ್ಲಿ ಒಬ್ಬ ಬಸ್ ಡ್ರೈವರನನ್ನು ಸ್ಟೇರಿಂಗಿನಿಂದ ಕೆಳಗೆ ಇಳಿಸಿಬಿಡುವುದರಲ್ಲಿದ್ದೆ. ಆ ಸಂಗತಿ ನಿನಗೆ ಗೊತ್ತಾಗದೆ ಪೆನ್‌ಡ್ರೈವ್ ನಿನ್ನ ಕೈ ಸೇರಬಾರದು.

ಬಾಯಿಯಿಂದ ಹೇಳಲು ನನಗೆ ಬರುವುದಿಲ್ಲ. ನಾಲ್ಕು ಮಂದಿ ಕೂಡಿದರೆ ಸೆರಗು ತಾನಾಗಿ ಬಾಯಿಗೆ ಬರುತ್ತದೆ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ, ಅಷ್ಟು ಅನುಕೂಲ. ಬಸು, ನೀನೂ ಅಕ್ಕನ ಜೊತೆ ಕೂತು ಓದು. ಆಟ ಆಡುವವನು ನೀನು. ಆಟದ ವಿಷಯದಲ್ಲಿ ನಾನು ಎಲ್ಲಿಯಾದರೂ ತಪ್ಪು ಬರೆದಿದ್ದರೆ ಹೇಳು.

ನಾನು ಕಿಣ್ಣಿ ಸುಲ್ತಾನದ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಮದುವೆಯಾಗಿ ಆಳಂದಕ್ಕೆ ಬಂದಾಗ ನಿಮ್ಮ ಮುತ್ಯಾ ಟಾಕೀಸಿನಲ್ಲಿ ಮಶೀನು ನಡೆಸುತ್ತಿದ್ದರು. ಟಾಕೀಸು ಮುಚ್ಚಿದ ಮೇಲೆ ಶಾಂತಪ್ಪ ಸಾವಕಾರರ ಅಂಗಡಿ ಸೇರಿದರು. ಅದು ಟಿವಿ, ಸ್ಪೀಕರು ಮಾರುವ ಅಂಗಡಿ. ಮದುವೆ ಮನೆಗಳಿಗೆ ಪ್ರೊಜೆಕ್ಟರನ್ನೂ ಒಯ್ದು ಕೊಡುತ್ತಿದ್ದರು. ಮುತ್ಯಾ ತೀರಿಕೊಂಡಾಗ ನಿಮ್ಮ ಅವ್ವ ಇನ್ನೂ ಹೈಸ್ಕೂಲಿನಲ್ಲಿದ್ದಳು. ದಿನಗಳೆಲ್ಲ ಮುಗಿದ ಮೇಲೆ ಸಾವಕಾರರು ಒಂದು ತಾನು ಬಿಳಿ ಅರಿವೆ ಹಿಡಿದು ಮನೆಗೆ ಬಂದರು. ಒಳಗೆ ಬರಲಿಲ್ಲ, ಹೊರಗಿದ್ದ ಹೊರಸಿನ ತುದಿಗೆ ಕೂತರು.

"ನೀಲಮ್ಮಾರ, ನಿಮ್ಮ ಹೊಲಿಗಿ ಛಂದ ಅದ ಅಂತ ಅವರು ಹೇಳ್ತಿದ್ದರು. ಪ್ರೊಜೆಕ್ಟರಿನ ಪರದೆ ಹೊಲೀತೀರೇನ್ರಿ?"

ನಾನು ಬಾಗಿಲ ಹಿಂದಿನಿಂದ ಹೂಂ ಎಂದೆ. ನನ್ನ ನೌಕರಿ ಶುರುವಾದದ್ದು ಆ ಒಂದು ಹೂಂನಿಂದ.

ಪರದೆ ಹೊಲಿಯುವುದೆಂದರೆ ಚಾದರ ಹೊಲಿದಂತೆ ಅಲ್ಲ. ನಡುವೆ ಜೋಡಣೆ ಬರಬಾರದು; ಬಂದರೆ ನಟಿಯ ಮೂಗಿನ ಮೇಲೆ ಗೆರೆ ಬೀಳುತ್ತದೆ. ಸುತ್ತಲೂ ಗೇಣಗಲ ಕಪ್ಪು ಪಟ್ಟಿ ಹಚ್ಚಬೇಕು. ಸುಕ್ಕು ಬಾರದಂತೆ ಕೆಳಗಿನ ಮಡಿಕೆಯಲ್ಲಿ ಕಬ್ಬಿಣದ ಸಲಾಕೆ ತೂರಿಸಬೇಕು. ಎರಡು ವರ್ಷ ಮನೆಯಲ್ಲೇ ಕೂತು ಹೊಲಿದೆ. ನಾನು ಹೊಲಿದ ಪರದೆಯ ಮೇಲೆ ಚಿತ್ರ ಬಿದ್ದದ್ದನ್ನು ಒಮ್ಮೆಯೂ ನೋಡಿರಲಿಲ್ಲ.

ನೋಡುವ ಹಾಗಾದದ್ದು ಒಂದು ತಕರಾರಿನಿಂದ. ಆಳಂದದ ಒಬ್ಬ ತೊಗರಿ ವ್ಯಾಪಾರಿ ಮನೆಯಲ್ಲಿ ಸಿನಿಮಾದ ಕೋಣೆ ಮಾಡಿಸಿದ್ದರು. ಪರದೆ ಹಳದಿ ಹೊಡೆಯುತ್ತದೆ, ಅರಿವೆ ಹಳೆಯದು ಎಂದು ಅವರು ಕೂಗಾಡಿದರಂತೆ. ಸಾವಕಾರರು ನನ್ನನ್ನು ಕರೆದುಕೊಂಡು ಹೋದರು, ಬೇಕಾದರೆ ಅಲ್ಲೇ ಅರಿವೆ ಬದಲಿಸಲಿ ಎಂದು. ನಾನು ಪರದೆ ಹೊಲಿದ ತಾನಿನಲ್ಲಿ ಉಳಿದ ತುಂಡನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ. ಕಿಟಕಿ ತೆರೆಯಿರಿ ಎಂದೆ. ಬಿಸಿಲಿನಲ್ಲಿ ಪರದೆಯೂ ತುಂಡೂ ಒಂದೇ ಬಿಳಿ. ಕಿಟಕಿ ಮುಚ್ಚಿಸಿ ಪ್ರೊಜೆಕ್ಟರು ಹಚ್ಚಿದಾಗ ಎರಡೂ ಒಂದೇ ಹಳದಿ.

ಸಾವಕಾರರ ಕಿವಿಗೆ ಮಾತ್ರ ಕೇಳುವಂತೆ, "ಅರಿವಿ ಅಲ್ಲರಿ, ಬೆಳಕ ಹಳದಿ ಅದ" ಎಂದೆ.

ಅವರು ಅದನ್ನೇ ದೊಡ್ಡ ದನಿಯಲ್ಲಿ ಹೇಳಿದರು. ಒಳಗಿನ ದೀಪ ಹಳೆಯದಾಗಿತ್ತು. ದೀಪ ಬದಲಿಸಿದ ಮೇಲೆ ಬಿಳಿ ಬಿಳಿಯಾಯಿತು. ದಾರಿಯಲ್ಲಿ ಸಾವಕಾರರು ನಕ್ಕು, "ನಾಳಿಂದ ಹೊಲಿಗಿ ಮಶೀನ್ ಸಂಜೀಕ ತುಳೀರಿ. ಹಗಲೆಲ್ಲ ನನ್ನ ಜೋಡಿ ಬರ್ರಿ. ಮಂದಿ ಬೈತಾರ, ನನಗ ಉತ್ತರ ಬರಂಗಿಲ್ಲ" ಎಂದರು.

ಹೀಗೆ ನಾನು ಚಿತ್ರ ನೋಡಿ ಹೇಳುವವಳಾದೆ. ಪ್ರೊಜೆಕ್ಟರು ಕೂಡಿಸಿದ ಮೇಲೆ ಮನೆಯವರ ಎದುರಿಗೆ ಕೂತು, ಕರಿ ಕರಿಯಾಗಿದೆಯೇ, ಮುಖ ಮುಖದ ಬಣ್ಣದಲ್ಲಿದೆಯೇ ಎಂದು ನೋಡಿ, ಸರಿ ಅಥವಾ ಸರಿಯಿಲ್ಲ ಎನ್ನುವುದು. ಕಂಪನಿಯವರು ತೋರಿಸಲು ಕೊಡುತ್ತಿದ್ದ ಚಿತ್ರಗಳಲ್ಲಿ ಬರೀ ಬಣ್ಣದ ಮೀನು, ಹೂವು, ಸಮುದ್ರ. ಅವು ಎಂಥ ಮಶೀನಿನಲ್ಲೂ ಚೆಂದವೇ ಕಾಣುತ್ತವೆ. ಮೀನಿನ ನಿಜವಾದ ಬಣ್ಣ ನಮ್ಮಲ್ಲಿ ಯಾರಿಗೆ ಗೊತ್ತು? ನನಗೆ ಗೊತ್ತಿರುವ ವಸ್ತು ಬೇಕಿತ್ತು.

ನಿಮ್ಮ ಅವ್ವನಿಗೆ ನನ್ನ ಚಂದ್ರಕಾಳಿ ಸೀರೆ ಉಡಿಸಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲಿಸಿ ವಿಡಿಯೊ ಮಾಡಿಸಿದೆ. ಆ ಸೀರೆ ಅಚ್ಚ ಕಪ್ಪು. ಒಳ್ಳೆಯ ಚಿತ್ರದಲ್ಲಿ ಅದರ ನಿರಿಗೆ ಒಂದೊಂದೂ ಎಣಿಸಬಹುದು. ಕೆಟ್ಟದ್ದರಲ್ಲಿ ಸೀರೆಯೆಲ್ಲ ಬೂದಿ ಬಣ್ಣದ ಒಂದು ಮುದ್ದೆ. ನಮ್ಮ ಭಾವನವರ ಹಣೆಯ ಮೇಲಿನ ವಿಭೂತಿ, ಅದರ ಕೆಳಗೆ ಬಿಸಿಲಿಗೆ ಸುಟ್ಟ ಅವರ ಮುಖ, ಇದು ಎರಡನೆಯದು. ವಿಭೂತಿ ನೀಲಿಯಾಗಬಾರದು, ಮುಖ ಗಜ್ಜರಿಯಂತೆ ಕೆಂಪಾಗಬಾರದು. ಮೂರನೆಯದು ಸೊನ್ನದ ಬ್ಯಾರೇಜಿನ ಬಾಗಿಲಿನಿಂದ ಭೀಮೆಯ ನೀರು ಧುಮುಕುವುದು. ಓಡುವ ನೀರಿನಲ್ಲಿ ಚಿತ್ರ ತಡವರಿಸಿದರೆ ಕೂಡಲೇ ಕಾಣುತ್ತದೆ.

ಕೊನೆಯದು ರೊಟ್ಟಿ. ನಾನೇ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತು ಜೋಳದ ರೊಟ್ಟಿ ತಟ್ಟುವುದು. ನನ್ನ ಮುಖ ಬೇಡ, ಕೈ ಮಾತ್ರ ಹಿಡಿ ಎಂದು ನಿಮ್ಮ ಅವ್ವನಿಗೆ ಹೇಳಿದ್ದೆ. ಅಂಗೈ ಹಿಟ್ಟಿಗೆ ಬಡಿಯುವುದೂ ಪಟ್ ಎನ್ನುವ ಸದ್ದೂ ಒಂದೇ ಕ್ಷಣಕ್ಕೆ ಕೂಡಬೇಕು. ಕೂಡದಿದ್ದರೆ ಚಿತ್ರ ಹಿಂದೆ ಬಿದ್ದಿದೆ ಎಂದು ಅರ್ಥ. ಈ ನಾಲ್ಕೂ ವಿಡಿಯೊ ಸೇರಿದ್ದೇ ನೀನು ಕೇಳಿದ ಪೆನ್‌ಡ್ರೈವ್. ಇದನ್ನು ಯಾರೂ ನನಗೆ ಕಲಿಸಿರಲಿಲ್ಲ, ನಾನೇ ಹುಡುಕಿಕೊಂಡದ್ದು. ಆ ಹೆಮ್ಮೆ ನನ್ನೊಳಗೆ ಸ್ವಲ್ಪ ಹೆಚ್ಚೇ ಇತ್ತು.

ಮೊದಲ ತಪ್ಪು ಅಫಜಲಪುರದಲ್ಲಿ ಮಾಡಿದೆ. ಒಬ್ಬ ದಂತ ವೈದ್ಯರ ಮನೆ. ಬೇಸಿಗೆಯ ಮಧ್ಯಾಹ್ನ, ಬಸ್ ಸ್ಟ್ಯಾಂಡಿನಿಂದ ಬಿಸಿಲಲ್ಲಿ ನಡೆದು ಹೋಗಿ, ಕಿಟಕಿಯ ಪರದೆ ಎಳೆದ ಕತ್ತಲ ಕೋಣೆಯಲ್ಲಿ ಕೂತ ಕೂಡಲೇ ಚಂದ್ರಕಾಳಿ ಸೀರೆಯ ಚಿತ್ರ ಹಚ್ಚಿದೆ. ನಿರಿಗೆ ಒಂದೂ ಕಾಣಲಿಲ್ಲ. "ಈ ಮಶೀನ್ ಬ್ಯಾಡ್ರಿ, ವಾಪಸ್ ಒಯ್ತೇವಿ" ಎಂದುಬಿಟ್ಟೆ. ಅಷ್ಟರಲ್ಲಿ ಡಾಕ್ಟರರ ತಾಯಿ ಚಹಾ ತಂದರು. ಬೇಡವೆನ್ನಲಾಗದೆ ಮೆಲ್ಲಗೆ ಕುಡಿದೆ. ಲೋಟ ಕೆಳಗಿಟ್ಟು ತಲೆಯೆತ್ತಿದರೆ ಸೀರೆಯ ನಿರಿಗೆಗಳೆಲ್ಲ ನಿಚ್ಚಳವಾಗಿ ನಿಂತಿದ್ದವು! ಬಿಸಿಲು ತುಂಬಿಕೊಂಡು ಬಂದ ನನ್ನ ಕಣ್ಣು ಕತ್ತಲಿಗೆ ಹೊಂದಿಕೊಂಡಿರಲಿಲ್ಲ. ನಾಚಿಕೆಯಿಂದ, "ಇರಲಿಬಿಡ್ರಿ, ಛಲೋ ಅದ" ಎಂದೆ. ಆ ಮುದುಕಿ, "ಚಹಾ ಕುಡದ ಮ್ಯಾಲ ಛಲೋ ಆತೇನು? ನಮ್ಮ ಚಹಾಕ್ಕ ಭಾಳ ಶಕ್ತಿ ಅದ ಬಿಡು" ಎಂದು ನಕ್ಕರು. ಸಾವಕಾರರು ಬೈಯಲಿಲ್ಲ. ಅಂದಿನಿಂದ ಯಾವ ಮನೆಗೆ ಹೋದರೂ ಬಾಗಿಲಲ್ಲೇ, "ಮೊದಲು ನಮ್ಮ ಅಮ್ಮಾರಿಗೆ ಚಹಾ ಕೊಡ್ರಿ, ಚಿತ್ರ ಆಮ್ಯಾಲ" ಎನ್ನತೊಡಗಿದರು. ಗೌರಿ, ನೀನೂ ಕತ್ತಲಲ್ಲಿ ಹತ್ತು ನಿಮಿಷ ಕೂಡು. ಚಹಾ ಕೊಡದಿದ್ದರೂ ಕೂಡು.

ನಡುವೆ ಮಶೀನುಗಳು ಬದಲಾದವು. ದೀಪ ಹೋಗಿ ಲೇಸರ್ ಬಂತು, ಬೆಳಕು ಬೇಗ ಹಳದಿಯಾಗುವುದು ನಿಂತಿತು. ಪ್ರೊಜೆಕ್ಟರನ್ನು ಓರೆಯಾಗಿ ಇಟ್ಟರೂ ಅದೇ ಚಿತ್ರದ ಮೂಲೆಗಳನ್ನು ತಿದ್ದಿ ಚೌಕ ಮಾಡುವುದು ಬಂತು. ಓಡುವ ಚಿತ್ರವನ್ನು ಎಣ್ಣೆ ಹಚ್ಚಿದಂತೆ ನುಣುಪು ಮಾಡುವ ಸೆಟ್ಟಿಂಗ್ ಬಂತು. ನನಗೆ ಇವೆಲ್ಲ ಬಹಳ ಹಿಡಿಸಿದವು. ಸೊನ್ನದ ನೀರು ರೇಷ್ಮೆಯಂತೆ ಹರಿಯುತ್ತಿತ್ತು. ಹೋದಲ್ಲೆಲ್ಲ ಎಲ್ಲವನ್ನೂ ಹಚ್ಚಿ ಬರುತ್ತಿದ್ದೆ. ಆಗಲೇ ಜನ ಪ್ರೊಜೆಕ್ಟರಿಗೆ ಆಟದ ಪೆಟ್ಟಿಗೆಯನ್ನೂ ಜೋಡಿಸತೊಡಗಿದ್ದರು. ಆಟವೂ ಚಿತ್ರವೇ ಅಲ್ಲವೇ ಎಂದು ನಾನು ತಿಳಿದಿದ್ದೆ.

ಜೇವರ್ಗಿಯಲ್ಲಿ ಮಲ್ಲಣ್ಣ, ಸಿದ್ದಣ್ಣ ಎಂಬ ಅಣ್ಣ ತಮ್ಮಂದಿರು ಒಂದೇ ಮನೆಯಲ್ಲಿದ್ದರು. ತಮ್ಮ ಸಿದ್ದಣ್ಣನದು ಬಟ್ಟೆ ಅಂಗಡಿ. ಅಣ್ಣ ಮಲ್ಲಣ್ಣ ಸರಕಾರಿ ಬಸ್ಸಿನ ಡ್ರೈವರ್. ಮಾಳಿಗೆಯ ಮೇಲೆ ತೊಗರಿ ಒಣಹಾಕುವಾಗ ಕಾಲು ಜಾರಿ ಬಿದ್ದು ಮಲ್ಲಣ್ಣನ ಬಲಗೈ ಮಣಿಕಟ್ಟು ಮುರಿದಿತ್ತು. ಒಳಗೆ ಸಲಾಕೆ ಹಾಕಿದ್ದರು. ಆರೇಳು ತಿಂಗಳ ಮೇಲೆ ಡಾಕ್ಟರರು, ಕೈ ಕೂಡಿದೆ, ಡ್ಯೂಟಿಗೆ ಹೋಗಬಹುದು ಎಂದರೂ ಅವನಿಗೆ ಧೈರ್ಯವಿರಲಿಲ್ಲ. ಬಸ್ಸಿನಲ್ಲಿ ಹಿಂದೆ ಐವತ್ತು ಜೀವ ಕೂತಿರುತ್ತವೆ ಎನ್ನುತ್ತಿದ್ದನಂತೆ. ತಮ್ಮ ಒಂದು ಉಪಾಯ ಮಾಡಿದ. ನಮ್ಮ ಅಂಗಡಿಯಿಂದ ಪ್ರೊಜೆಕ್ಟರು ಕೊಂಡು, ಸ್ಟೇರಿಂಗ್ ಇರುವ ಗಾಡಿ ಓಡಿಸುವ ಆಟ ತರಿಸಿ, "ಅಣ್ಣಾ, ಇಲ್ಲಿ ಓಡಿಸು. ಇಲ್ಲಿ ಯಾರೂ ಸಾಯಂಗಿಲ್ಲ" ಎಂದ. ಗೋಡೆಯಷ್ಟು ದೊಡ್ಡ ರಸ್ತೆ. ಮಲ್ಲಣ್ಣ ತನಗೆ ತಾನೇ ಒಂದು ಕರಾರು ಹಾಕಿಕೊಂಡ. ಆಟದಲ್ಲಿ ಒಂದು ಘಟ್ಟದ ರಸ್ತೆ ಇತ್ತು. ಅದರ ಎಡ ತಿರುವನ್ನು ಬಡಿಯದೆ ದಾಟಿದ ದಿನ ಡಿಪೋಕ್ಕೆ ಹೋಗುವುದು.

ಆ ಪ್ರೊಜೆಕ್ಟರನ್ನು ಕೂಡಿಸಿ, ನೋಡಿ, ಸರಿ ಎಂದು ಹೇಳಿ ಬಂದವಳು ನಾನೇ.

ಎರಡು ತಿಂಗಳಾದ ಮೇಲೆ ಸಿದ್ದಣ್ಣ ಅಂಗಡಿಗೆ ಫೋನು ಮಾಡಿದ. ಅಣ್ಣ ದಿನಾ ಆ ತಿರುವಿನಲ್ಲಿ ಬಂಡೆಗೆ ಹೊಡೆಯುತ್ತಾನೆ, ಚಿತ್ರದಲ್ಲೇ ಏನೋ ದೋಷ ಇರಬೇಕು, ಬಂದು ನೋಡಿ ಎಂದ. ಹೋದೆ. ಚಹಾ ಕುಡಿದೆ, ಕತ್ತಲಲ್ಲಿ ಕೂತೆ. ಮಲ್ಲಣ್ಣ ಆಡಿ ತೋರಿಸಿದ. ಎತ್ತರದ ಆಳು, ಮಾತು ಕಡಿಮೆ. ತಿರುವು ಬಂತು, ಸ್ಟೇರಿಂಗ್ ತಿರುಗಿಸಿದ, ಗಾಡಿ ನೆಟ್ಟಗೆ ಹೋಗಿ ಬಂಡೆಗೆ ಬಡಿಯಿತು.

"ನೋಡ್ರಿ ಅಮ್ಮಾರ, ನಾ ತಿರುಗಸ್ತೇನಿ, ಗಾಡಿ ಕೇಳಂಗಿಲ್ಲ" ಎಂದ.

ನಾನು ಆಟ ತೆಗೆಸಿ ಪೆನ್‌ಡ್ರೈವ್ ಹಚ್ಚಿದೆ. ಸೀರೆ ಸರಿ, ವಿಭೂತಿ ಸರಿ, ನೀರು ರೇಷ್ಮೆ. ರೊಟ್ಟಿ ಹಚ್ಚಿದೆ. ಪಟ್, ಪಟ್, ಪಟ್. ಕೈಯೂ ಸದ್ದೂ ಕೂಡಿಯೇ ಬಂದವು. ಮೂರು ಸಲ ನೋಡಿದೆ.

ಮಲ್ಲಣ್ಣ ನನ್ನನ್ನೇ ನೋಡುತ್ತಿದ್ದ. "ಖರೇ ಹೇಳ್ರಿ. ಚಿತ್ರ ತಡ ಆಗಾಕತ್ತಿಲ್ಲೇನು?"

"ಇಲ್ಲರಿ, ಬರೋಬ್ಬರಿ ಅದ."

"ಅಂದ್ರ ಕೈ ತಡ ಆಗಾಕತ್ತದ."

ಅವನ ಹೆಂಡತಿ ಕಸ್ತೂರಿ ಬಾಗಿಲಲ್ಲಿ ನಿಂತಿದ್ದಳು. ಅವನು ಅವಳ ಕಡೆ ತಿರುಗಿ, "ಆ ಅರ್ಜಿ ತಗೊಂಡ ಬಾರಬೇ. ಸೋಮವಾರ ಕೊಟ್ಟು ಬರ್ತೇನಿ" ಎಂದ. ಸ್ಟೇರಿಂಗ್ ಕೆಲಸ ಆಗುವುದಿಲ್ಲ, ಆಫೀಸಿನಲ್ಲಿ ಏನಾದರೂ ಕೆಲಸ ಕೊಡಿ ಎಂದು ಬರೆದ ಅರ್ಜಿ. ಸಿದ್ದಣ್ಣ ಬಹಳ ದಿನದಿಂದ ಅದನ್ನು ಕೊಡಲು ಬಿಟ್ಟಿರಲಿಲ್ಲ. ಆ ದಿನ ಅವನೂ ತಡೆಯಲಿಲ್ಲ. ನನ್ನನ್ನು ಬಸ್ಸಿಗೆ ಬಿಡಲು ಬಂದಾಗ, "ನಮ್ಮಣ್ಣ ಸಣ್ಣವನಿದ್ದಾಗ ತಗಡಿನ ಮುಚ್ಚಳ ಹಿಡದು ಮನಿ ತುಂಬ ಬಸ್ ಓಡಸ್ತಿದ್ದ ನೋಡ್ರಿ" ಎಂದನಷ್ಟೆ.

ಅದು ಗುರುವಾರ. ಶನಿವಾರ ಅಫಜಲಪುರದ ಒಂದು ಕಲ್ಯಾಣ ಮಂಟಪದಲ್ಲಿ ಶರಣರ ಮೇಲೆ ಸ್ವಾಮಿಗಳೊಬ್ಬರ ಪ್ರವಚನವಿತ್ತು. ಹಿಂದೆ ಕೂತವರಿಗೂ ಕಾಣಲಿ ಎಂದು ಸ್ವಾಮಿಗಳ ಮುಂದೆ ಕ್ಯಾಮೆರಾ ಇಟ್ಟು, ಪಕ್ಕದ ಪರದೆಯ ಮೇಲೆ ನಮ್ಮ ಪ್ರೊಜೆಕ್ಟರಿನಿಂದ ಬಿಡುತ್ತಿದ್ದೆವು. ನಾನು ಹೆಣ್ಣುಮಕ್ಕಳ ಸಾಲಿನ ತುದಿಯಲ್ಲಿ, ಸ್ವಾಮಿಗಳೂ ಪರದೆಯೂ ಒಟ್ಟಿಗೆ ಕಾಣುವಲ್ಲಿ ಕೂತಿದ್ದೆ. ವಚನ ಮುಗಿದು ಭಜನೆ ಶುರುವಾಯಿತು. ಸ್ವಾಮಿಗಳು ಚಪ್ಪಾಳೆ ತಟ್ಟತೊಡಗಿದರು. ಅವರ ಕೈ ಕೂಡಿ ಬಿಡುವಾಗ ಪರದೆಯ ಮೇಲಿನ ಕೈ ಕೂಡುತ್ತಿತ್ತು. ಕಣ್ಣು ರೆಪ್ಪೆ ಬಡಿಯುವಷ್ಟು ಹಿಂದೆ. ಪ್ರತಿ ಸಲವೂ.

ನನ್ನ ಚಪ್ಪಾಳೆ ನಿಂತೇಹೋಯಿತು. ಪಕ್ಕದಲ್ಲಿ ಕೂತಾಕೆ, "ಯಾಕಬೇ, ಆರಾಮ ಇಲ್ಲೇನು?" ಎಂದಳು.

ರೊಟ್ಟಿಯ ಗುಟ್ಟು ಆಗ ತಿಳಿಯಿತು. ನುಣುಪು ಮಾಡಲು, ಮೂಲೆ ತಿದ್ದಲು ಪ್ರೊಜೆಕ್ಟರು ಚಿತ್ರವನ್ನು ಒಂದು ಕ್ಷಣ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಸದ್ದನ್ನೂ ಅಷ್ಟೇ ಹೊತ್ತು ಹಿಡಿದಿಟ್ಟು ಎರಡನ್ನೂ ಜೊತೆಯಾಗಿ ಹೊರಗೆ ಬಿಡುತ್ತದೆ. ನನ್ನ ರೊಟ್ಟಿಯ ಕೈಯೂ ಸದ್ದೂ ಎರಡೂ ತಡವಾಗಿ ಬಂದು, ಜೋಡಿ ಮಾತ್ರ ತಪ್ಪದೆ ಬಂದಿದ್ದವು. ಸಿನಿಮಾ ನೋಡುವವರಿಗೆ ಅದರಿಂದ ಏನೂ ಬಾಧೆಯಿಲ್ಲ. ಸ್ಟೇರಿಂಗ್ ಹಿಡಿದು ಕೂತವನ ಕೈ ಮಾತ್ರ ಪ್ರೊಜೆಕ್ಟರಿನ ಹೊರಗಿರುತ್ತದೆ, ಆ ಸ್ವಾಮಿಗಳ ಕೈಯ ಹಾಗೆ. ಮಲ್ಲಣ್ಣ ಹೇಳಿದ್ದು ಖರೇ ಇತ್ತು. ಚಿತ್ರ ಚೆಂದವಾಗಲಿ ಎಂದು ನಾನೇ ಹಚ್ಚಿ ಬಂದ ಸೆಟ್ಟಿಂಗುಗಳು ಅವನ ಕೈಗೆ ಅಡ್ಡ ಬಂದಿದ್ದವು. ಅದರ ಮೇಲೆ ನಾನೇ ಎದುರು ಕೂತು, ಚಿತ್ರ ಸರಿ ಇದೆ ಎಂದಿದ್ದೆ.

ಪ್ರಸಾದಕ್ಕೆ ಕೂತಾಗ ಸಾವಕಾರರಿಗೆ ಹೇಳಿದೆ. ಅವರು ಹುಗ್ಗಿಯಲ್ಲಿ ಬೆರಳಾಡಿಸುತ್ತ ಹೇಳಿದರು.

"ನಾಳೆ ಹೋಗಿ ಸೆಟ್ಟಿಂಗ್ ಬದಲ್ ಮಾಡಿ ಬರ್ರಿ. ಆದ್ರ ತಪ್ಪಾಗಿತ್ತು ಅಂತ ಯಾಕ ಹೇಳ್ತೀರಿ? ನಿಮ್ಮ ಮಾತಿನ ಮ್ಯಾಲ ಅಂಗಡಿ ನಡದದ."

"ಹೇಳದೇ ಬದಲ್ ಮಾಡಿದ್ರ, ನನ್ನ ಮ್ಯಾಲ ಕನಿಕರ ಬಂದು ಆಟ ಹಗುರ ಮಾಡ್ಯಾರ ಅಂತ ತಿಳೀತಾನರಿ. ಕೈ ಮ್ಯಾಲ ನಂಬಿಗಿ ಬರಂಗಿಲ್ಲ."

ನಾನು ಅವರ ಮುಂದೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಅವರು ನನ್ನ ಮುಖ ನೋಡಿ, "ಹಾಗಾದ್ರ ಹೇಳೇಬಿಡ್ರಿ" ಎಂದರು. "ನಾ ಬರ್ಲೇನು ಜೋಡಿ?" ಎಂದೂ ಕೇಳಿದರು. ಬೇಡ ಎಂದೆ. ಅವರು ಬಂದರೆ ನನ್ನ ಮಾತನ್ನು ಅವರೇ ದೊಡ್ಡ ದನಿಯಲ್ಲಿ ಹೇಳಿಬಿಡುತ್ತಿದ್ದರು. ಈ ಮಾತು ನನ್ನ ಬಾಯಿಂದಲೇ ಹೋಗಬೇಕಿತ್ತು. ಫೋನಿನಲ್ಲಿ ಹೇಳಲೇ ಎಂದೂ ಯೋಚಿಸಿದೆ. ಫೋನಿನಲ್ಲಿ ಅದು ಸಮಾಧಾನದ ಮಾತಿನಂತೆ ಕೇಳುತ್ತಿತ್ತು.

ಭಾನುವಾರ ಆಳಂದದಿಂದ ಕಲಬುರಗಿಗೆ, ಅಲ್ಲಿಂದ ಜೇವರ್ಗಿಗೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಉರು ಹೊಡೆದೆ. ಮನೆ ತಲುಪಿದಾಗ ಬೀಗರು ಬಂದಿದ್ದರು, ಪಡಸಾಲೆ ತುಂಬ ಗಂಡಸರು. ಕಸ್ತೂರಿಗೆ, "ಮಲ್ಲಣ್ಣಗ ಒಳಗ ಕರಿಯವ್ವ" ಎಂದೆ. ಅವನು ಬಂದ, ಹಿಂದೆ ಸಿದ್ದಣ್ಣ, ಅವರ ಹಿಂದೆ ಬೀಗರೆಲ್ಲ.

"ಅರ್ಜಿ ಕೊಟ್ಟಿಲ್ಲಲ್ಲ?" ಎಂದೆ.

"ನಾಳಿಗಿ ಕೊಡ್ತೇನ್ರಿ. ಯಾಕ?"

"ಮೊನ್ನಿ ನಾ ತಪ್ಪು ಹೇಳಿದೆ. ಚಿತ್ರ ತಡ ಆಗಾಕತ್ತದ. ನಿಮ್ಮ ಕೈ ಅಲ್ಲ."

ಅವನು ನಕ್ಕ. ಒಳ್ಳೆಯ ನಗುವಲ್ಲ. "ಯಾರು ಕಳಿಸಿದ್ರು ಅಮ್ಮಾರ ನಿಮಗ? ನಮ್ಮ ತಮ್ಮನೇನು?"

"ಲೇ ಅಣ್ಣಾ, ನಾ ಏನೂ ಹೇಳಿಲ್ಲ ಮಾರಾಯಾ" ಎಂದ ಸಿದ್ದಣ್ಣ.

ಹೀಗಾಗಬಹುದು ಎಂದೇ ನಾನು ಫೋನಿನ ವೈರು ತಂದಿದ್ದೆ. ಸಿದ್ದಣ್ಣನ ಮೊಬೈಲನ್ನು ಪ್ರೊಜೆಕ್ಟರಿಗೆ ಜೋಡಿಸಿ, ಕ್ಯಾಮೆರಾ ತೆರೆದು, ಮಲ್ಲಣ್ಣನನ್ನು ಪರದೆಯ ಪಕ್ಕದಲ್ಲೇ ನಿಲ್ಲಿಸಿದೆ. "ಚಪ್ಪಾಳಿ ಹೊಡೀರಿ" ಎಂದೆ. ಹೊಡೆದ. ಅವನ ಕೈ ಬಡಿದು ಬಿಟ್ಟ ಮೇಲೆ ಪರದೆಯ ಮಲ್ಲಣ್ಣ ಬಡಿದ. ಇನ್ನೊಮ್ಮೆ. ಮತ್ತೊಮ್ಮೆ. ಮಲ್ಲಣ್ಣ ಕೈ ಇಳಿಸಿದ. ಪರದೆಯವನು ಆಮೇಲೆ ಇಳಿಸಿದ. ಬೀಗರೊಬ್ಬರು, "ಅಂವಾ ನಿನಗಿಂತ ಮೈಗಳ್ಳ ಇದ್ದಾನಲೇ ಮಲ್ಲ್ಯಾ!" ಎಂದರು. ಎಲ್ಲರೂ ನಕ್ಕರು. ಮಲ್ಲಣ್ಣ ನಗಲಿಲ್ಲ. ತನ್ನ ಬಲಗೈಯನ್ನು ಎತ್ತಿ ಬೆರಳುಗಳನ್ನು ಒಂದೊಂದಾಗಿ ಮಡಿಚಿ ನೋಡುತ್ತಿದ್ದ.

ಆಮೇಲೆ ನುಣುಪಿನ ಸೆಟ್ಟಿಂಗ್ ತೆಗೆದೆ. ಆಟಕ್ಕೆಂದೇ ಇರುವ ಗೇಮ್ ಮೋಡ್ ಹಚ್ಚಿದೆ. ಮೂಲೆ ತಿದ್ದುವುದನ್ನೂ ಬಂದ್ ಮಾಡಿದಾಗ ಚಿತ್ರ ಓರೆಯಾಯಿತು. ಪ್ರೊಜೆಕ್ಟರನ್ನು ನಾನು ಮೂಲೆಯ ಅಲಮಾರಿಯ ಮೇಲೆ ಕೂಡಿಸಿದ್ದೆ. ಬೀಗರೇ ಕೋಣೆಯ ನಡುವೆ ಟೇಬಲ್ ತಂದಿಟ್ಟು, ಅದರ ಮೇಲೆ ಎರಡು ಮಣೆ ಏರಿಸಿ ನೆಟ್ಟಗೆ ಮಾಡಿದರು. ಮತ್ತೆ ಚಪ್ಪಾಳೆ. ಅಂತರ ಪೂರ್ತಿ ಹೋಗಲಿಲ್ಲ, ಸುಳ್ಳು ಹೇಳಬಾರದು. ಆದರೆ ಹುಡುಕಿ ನೋಡಿದರೆ ಮಾತ್ರ ಕಾಣುವಷ್ಟಕ್ಕೆ ಇಳಿಯಿತು. ಚಿತ್ರ ಮೊದಲಿನಷ್ಟು ಚೆಂದವಿರಲಿಲ್ಲ, ರಸ್ತೆಯ ಪಕ್ಕದ ಮರಗಳು ಸ್ವಲ್ಪ ಕುಣಿಯುತ್ತಿದ್ದವು. ಹಿಂದಿನ ದಿನಗಳಲ್ಲಾಗಿದ್ದರೆ ನಾನು ಇದನ್ನು ಸರಿ ಎನ್ನುತ್ತಿರಲಿಲ್ಲ.

ಮಲ್ಲಣ್ಣ ಸ್ಟೇರಿಂಗ್ ಹಿಡಿದು ಕೂತ. ಘಟ್ಟದ ರಸ್ತೆ. ಎಡ ತಿರುವು ಬಂತು. ತಿರುಗಿಸಿದ. ಗಾಡಿ ಈ ಸಲ ಬಂಡೆಗೆ ಬಡಿಯಲಿಲ್ಲ, ಇನ್ನೊಂದು ಬದಿಯ ಕಂದಕಕ್ಕೆ ಬಿತ್ತು.

ಕಸ್ತೂರಿ ನನ್ನ ಮೊಣಕೈ ಹಿಡಿದಿದ್ದಳು.

ಮಲ್ಲಣ್ಣ ಪರದೆಯನ್ನೇ ನೋಡುತ್ತ ಮೆಲ್ಲಗೆ, "ನಾ ಮುಂಚೇನೇ ತಿರುಗಿಸಿದೆ" ಎಂದ. "ಅದು ತಡ ಮಾಡ್ತದಂತ ಎರಡು ತಿಂಗಳಿಂದ ಮುಂಚೇನೇ ತಿರುಗಸಾಕ ಕಲ್ತೇನಿ ನೋಡು. ಅಷ್ಟು ಮಾಡಿದರೂ ಬಂಡಿಗಲ್ಲಿಗೆ ಬಡೀತಿತ್ತು. ಈಗ ತಿರುಗಿಸಿದ ಕೂಡ್ಲೇ ತಿರುಗ್ತು." ಆಮೇಲೆ ದನಿ ಏರಿತು. "ಸಿದ್ದ್ಯಾ, ಕೈ ನೆಟ್ಟಗ ಅದಲೇ!"

ನಾಲ್ಕನೆಯ ಸಲಕ್ಕೆ ತಿರುವು ದಾಟಿತು. ಐದನೆಯ ಸಲವೂ ದಾಟಿತು. ಬೀಗರು ಸೀಟಿ ಹೊಡೆದರು. ಅರ್ಜಿ ಏನಾಯಿತೆಂದು ನಾನು ಕೇಳಲಿಲ್ಲ. ಊಟಕ್ಕೆ ಕೂತಾಗ ಕಸ್ತೂರಿ ನನ್ನ ರೊಟ್ಟಿಯ ಮೇಲೆ ತುಪ್ಪ ಸುರಿಯುತ್ತಲೇ ಇದ್ದಳು, ಸಾಕವ್ವ ಎಂದರೂ ಕೇಳಲಿಲ್ಲ. ಮಲ್ಲಣ್ಣ ಬಸ್ ಸ್ಟ್ಯಾಂಡಿನವರೆಗೆ ತಾನೇ ಮೋಟರ್ ಸೈಕಲ್ ಮೇಲೆ ಬಿಟ್ಟ. ಬಲಗೈಯಲ್ಲೇ ಎಕ್ಸಿಲರೇಟರ್ ಹಿಡಿದಿದ್ದ. ನಾನು ಹಿಂದೆ ಒಂದು ಕಡೆಗೆ ಕಾಲು ಹಾಕಿ ಕೂತು, ಕಣ್ಣು ಮುಚ್ಚಿಕೊಂಡಿದ್ದೆ.

ಆಮೇಲೆ ನಾನು ಆಟಕ್ಕೆ ಬೇರೆ, ಸಿನಿಮಾಕ್ಕೆ ಬೇರೆ ಮಾಡಿ ಎರಡು ಸೆಟ್ಟಿಂಗ್ ಹಚ್ಚಿ, ಯಾವ ಬಟನ್ ಒತ್ತಿದರೆ ಯಾವುದು ಎಂದು ಚೀಟಿ ಬರೆದು ಅಂಟಿಸಿ ಬರತೊಡಗಿದೆ. ಆಟವಿರುವ ಮನೆಯಲ್ಲಿ ನಾನು ನೋಡಿ ಹೇಳುವುದನ್ನು ಬಿಟ್ಟೆ. ಆಡುವವರ ಕೈಗೆ ಕೊಟ್ಟು, ಅವರು ಹೇಳುವುದನ್ನು ಕೇಳಿಸಿಕೊಂಡೆ.

ಇನ್ನು ನಾನು ಕೆಲಸ ಬಿಟ್ಟದ್ದು. ಮಟಕಿ ಎಂಬ ಊರಿನ ಒಬ್ಬ ಮಾಸ್ತರರ ಮನೆಯಲ್ಲಿ ಹೊಸ ಪ್ರೊಜೆಕ್ಟರು ಕೂಡಿಸಿದ್ದೆವು. ವಿಭೂತಿ ಹಚ್ಚಿದ ಹಣೆ ಬಂದಾಗ, "ಹಳದಿ ಹೊಡೀತದ" ಎಂದೆ. ಮಾಸ್ತರರ ಹೆಂಡತಿ, "ಇಲ್ಲರೀ, ಬೆಳ್ಳಗ ಅದ" ಎಂದರು. ಮೊದಲಿನ ನೀಲಮ್ಮ ಆಗಿದ್ದರೆ ಮಶೀನು ವಾಪಸ್ ಒಯ್ಯುತ್ತಿದ್ದಳು. ಎದ್ದು ಕಿಟಕಿ ತೆರೆದೆ. ಚೀಲದಲ್ಲಿ ಯಾವಾಗಲೂ ಇರುತ್ತಿದ್ದ ಆ ಹಳೆಯ ಬಿಳಿ ಅರಿವೆಯ ತುಂಡನ್ನು ಬಿಸಿಲಿಗೆ ಹಿಡಿದೆ. ಅದೂ ಹಳದಿ ಕಂಡಿತು. ಹೊರಗೆ ನೋಡಿದೆ, ಕಟ್ಟೆಯ ಮೇಲೆ ಒಣಹಾಕಿದ್ದ ಮಾಸ್ತರರ ಧೋತರವೂ ಹಳದಿಯೇ. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಸಾವಕಾರರು, "ಆಪರೇಶನ್ ಮಾಡಿಸಿಕೊಂಡು ಮತ್ತ ಬರ್ರಿ" ಎಂದರು. ನಾನು, "ಸಾಕ್ರಿ" ಎಂದೆ. ಅಂಗಡಿಯಲ್ಲಿ ಅಷ್ಟು ಮಂದಿಯ ಮುಂದೆ ಅವರು ಎದ್ದು ನಿಂತು ಕೈ ಮುಗಿದರು. ನಾನು ನಾಚಿ ಬೇಗ ಬೇಗ ಮನೆಗೆ ಬಂದೆ.

ಎಡಗಣ್ಣಿನ ಆಪರೇಶನ್ ಕಲಬುರಗಿಯಲ್ಲಿ ಆಯಿತು. ಗೌರಿ, ನೀನೇ ಜೊತೆಗಿದ್ದೆ, ನೆನಪಿದೆಯಲ್ಲ? ವಾರದ ಮೇಲೆ ತೋರಿಸಿಕೊಂಡು, ಕರಿ ಕನ್ನಡಕ ಹಾಕಿಕೊಂಡು, ನಿನ್ನ ಕೈ ಹಿಡಿದು ಆಳಂದದ ಬಸ್ಸು ಹತ್ತಿದೆ. "ಆ ಡ್ರೈವರ್ ಯಾಕ ಆಯಿ ನಿನಗ ಅಷ್ಟು ಮರ್ಯಾದಿ ಮಾಡಿದ?" ಎಂದು ನೀನು ಮನೆಗೆ ಬಂದು ಕೇಳಿದ್ದೆ. ನಾನು ಉತ್ತರ ಕೊಟ್ಟಿರಲಿಲ್ಲ. ಈಗ ನಿನಗೆ ತಿಳಿದಿರಬೇಕು.

ಅವನು ಖಾಕಿ ಅಂಗಿಯಲ್ಲಿ ಎದ್ದು ನಿಂತು, "ಅಮ್ಮಾರ, ಇಲ್ಲಿ ಬರ್ರಿ, ಮುಂದ ಕೂಡ್ರಿ" ಎಂದು ಎದುರಿನ ಸೀಟು ಬಿಡಿಸಿಕೊಟ್ಟ. ಬಸ್ಸು ಊರು ದಾಟಿದ ಮೇಲೆ ನಾನು ಕರಿ ಕನ್ನಡಕ ಸ್ವಲ್ಪ ಕೆಳಗೆ ಸರಿಸಿದೆ. ಡಾಕ್ಟರರು ಬೇಡ ಎಂದಿದ್ದರು. ಹೊಸ ಕಣ್ಣಿಗೆ ಮುಂದಿನ ಗಾಜಿನ ತುಂಬ ಆಕಾಶ ಎಷ್ಟು ನೀಲಿ ಇತ್ತೆಂದರೆ, ನಾನು ಇಷ್ಟು ವರ್ಷ ಎಷ್ಟು ಮನೆಗಳಲ್ಲಿ ಎಂಥ ನೀಲಿಯನ್ನು ಸರಿ ಎಂದು ಬಂದಿದ್ದೆನೋ ಎಂದು ಗಾಬರಿಯಾಯಿತು. ತೊಗರಿ ಹೊಲಗಳು, ಕರಿ ಮಣ್ಣು, ಎದುರಿನಿಂದ ಒಂದು ಟ್ರ್ಯಾಕ್ಟರ್. ಮುಂದೆ ರಸ್ತೆ ಎಡಕ್ಕೆ ಹೊರಳುತ್ತಿತ್ತು. ನನ್ನ ಕಣ್ಣು ತಾನಾಗಿ ಅವನ ಬಲಗೈ ಮಣಿಕಟ್ಟಿನ ಹೊಲಿಗೆಯ ಗುರುತಿನ ಮೇಲೆ ಹೋಯಿತು. ಆ ಕೈ ತಿರುಗಿತು. ರಸ್ತೆಯೂ ಅದರ ಜೊತೆಗೇ ತಿರುಗಿತು.

ಅವನು ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದ. ಗಾಜಿನ ಕಡೆ ಗದ್ದ ಎತ್ತಿ, "ಹ್ಯಾಂಗ ಅದರಿ ಅಮ್ಮಾರ, ಚಿತ್ರ?" ಎಂದ.

ಬಸ್ಸಿನ ತುಂಬ ಮಂದಿ ಇದ್ದರು. ಸೆರಗು ಬಾಯಿಗೆ ಬಂದಿತ್ತು. ಅದನ್ನು ತೆಗೆದು, ಎಲ್ಲರಿಗೂ ಕೇಳುವಂತೆ ಹೇಳಿದೆ.

"ನೀವೇ ಹೇಳ್ರಿ ಮಲ್ಲಣ್ಣಾ. ಕೈ ನಿಮ್ಮದು."